ಹಿರಿಯರು ಬೀಳುವ ಮೊದಲೇ ಮೂರು ಮೀಟರ್ ನಡೆಸಿ ನೋಡಿ

ಮೊದಲು ಮೂರು ಮಾತು ಕೇಳಿ: ಹೋದ ಒಂದು ವರ್ಷದಲ್ಲಿ ಬಿದ್ದಿದ್ದೀರಾ? ನಡೆಯುವಾಗ ಜೋಲಿ ತಪ್ಪುತ್ತದೆಯೇ? ಬೀಳುವ ಭಯವಿದೆಯೇ? ಬಿದ್ದದ್ದನ್ನು ಎಷ್ಟೋ ಹಿರಿಯರು ಮಕ್ಕಳಿಗೆ ಹೇಳುವುದಿಲ್ಲ. ‘ಬಚ್ಚಲದಾಗ ಜಾರಿತ್ತೇನವ್ವಾ?’ ಎಂದು ಜಾಗ ಹಿಡಿದು ಕೇಳಿದರೆ ಬಾಯಿಬಿಡುತ್ತಾರೆ. ಒಂದಕ್ಕೆ ‘ಹೌದು’ ಎಂದರೂ ನಡಿಗೆ ನೋಡಲೇಬೇಕು.

ಕೈ ಇರುವ, ಸುಮಾರು 45 ಸೆಂ.ಮೀ. ಎತ್ತರದ ಕುರ್ಚಿ ಇಡಿ. ರಾಯಚೂರು ಕಡೆಯ ಮನೆಗಳ ನುಣುಪು ಫರಸಿಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಸರಿಯುತ್ತದೆ. ಅದನ್ನು ಗೋಡೆಗೆ ಆನಿಸಿ. ಅಲ್ಲಿಂದ 3 ಮೀಟರ್ ಟೇಪಿನಲ್ಲೇ ಅಳೆದು ಸೀಮೆಸುಣ್ಣದ ಗೆರೆ ಎಳೆಯಿರಿ. ನಡುವೆ ಹೊಸ್ತಿಲು, ಚಾಪೆ ಬೇಡ. ದಿನದ ಚಪ್ಪಲಿ ಇರಲಿ, ಕೋಲು ಹಿಡಿಯುವವರು ಹಿಡಿಯಲಿ. ನೆರಿಗೆ ಪಾದ ಮುಚ್ಚಿದ್ದರೆ ತುಸು ಎತ್ತಿ ಸಿಕ್ಕಿಸಲು ಹೇಳಿ. ಹೆಜ್ಜೆ ಕಾಣದಿದ್ದರೆ ಅರ್ಧ ಪರೀಕ್ಷೆ ಹೋದಂತೆ.

‘ದಿನಾ ಹೆಂಗ ನಡೀತೀರೋ ಹಂಗ ನಡೀರಿ’ ಎನ್ನಿ. ‘ಲಗೂ ಬರ್ರಿ’ ಎಂದು ಹುರಿದುಂಬಿಸಿದರೆ ಲೆಕ್ಕ ತಪ್ಪುತ್ತದೆ. ಒಂದು ಸಲ ಅಭ್ಯಾಸ, ಎರಡನೇ ಸಲ ಗಡಿಯಾರ: ಕುರ್ಚಿಯಲ್ಲಿ ಕುಳಿತವರಿಗೆ ‘ನಡೀರಿ’ ಎಂದಾಗ ಶುರು, ಎದ್ದು ಗೆರೆ ಮುಟ್ಟಿ, ತಿರುಗಿ ಬಂದು ಕುಳಿತಾಗ ನಿಲ್ಲಿಸಿ. 12 ಸೆಕೆಂಡ್ ಅಥವಾ ಹೆಚ್ಚಾದರೆ ಬೀಳುವ ಅಪಾಯವಿದೆ. ನೀವು ಪಕ್ಕದಲ್ಲೇ, ತುಸು ಹಿಂದೆ ನಡೆಯಿರಿ, ಆದರೆ ಮುಟ್ಟಬೇಡಿ.

ಸೆಕೆಂಡಿಗಿಂತ ತಿರುವು ಹೆಚ್ಚು ಹೇಳುತ್ತದೆ. ಗಟ್ಟಿಯಿರುವವರು ಮೂರ್ನಾಲ್ಕು ಹೆಜ್ಜೆಯಲ್ಲಿ ತಿರುಗುತ್ತಾರೆ. ಇಲ್ಲದವರು ಪಾದ ಉಜ್ಜುತ್ತ, ಸಣ್ಣ ಸಣ್ಣ ಹೆಜ್ಜೆಯಲ್ಲಿ, ತಲೆ–ಭುಜ–ಸೊಂಟ ಒಟ್ಟಿಗೇ ಹೊರಳಿಸುತ್ತಾರೆ. ಕೈ ಗೋಡೆ ಹುಡುಕುತ್ತದೆ. ಕೂರುವಾಗ ‘ಧೊಪ್’ ಎಂದು ಕುಸಿದರೆ ತೊಡೆಗಳಲ್ಲಿ ಬಲ ಸಾಲದು. ಇವನ್ನೂ ಬರೆದಿಡಿ.

ಇನ್ನು ನಿಲ್ಲುವ ಪರೀಕ್ಷೆ, ಕೋಲಿಲ್ಲದೆ, ಒಂದೊಂದೂ 10 ಸೆಕೆಂಡ್: ಪಾದ ಜೋಡಿಸಿ, ಒಂದು ಪಾದ ಅರ್ಧ ಮುಂದಿಟ್ಟು, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ, ಕೊನೆಗೆ ಒಂಟಿಕಾಲಿನಲ್ಲಿ. ಮೂರನೆಯದು 10 ಸೆಕೆಂಡ್ ನಿಲ್ಲದಿದ್ದರೆ ಅಪಾಯ ಹೆಚ್ಚು.

ಯಾವುದೇ ಒಂದು ಪರೀಕ್ಷೆ ಭವಿಷ್ಯ ನುಡಿಯದು. ಬಿಪಿಯನ್ನೂ ನೋಡಬೇಕು: ಬಳ್ಳಾರಿಯ ಏಪ್ರಿಲ್–ಮೇ ಬಿಸಿಲಿಗೆ ಮೈಯ ನೀರು ಇಂಗಿದಾಗ, ಬಿಪಿ ಗುಳಿಗೆ ನುಂಗುವವರಿಗೆ ಎದ್ದ ಕೂಡಲೇ ಕಣ್ಣು ಕತ್ತಲಾಗಬಹುದು. 5 ನಿಮಿಷ ಮಲಗಿಸಿ ಬಿಪಿ ನೋಡಿ. ನಿಂತ 1 ಮತ್ತು 3 ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೆ ಗುಳಿಗೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ವೈದ್ಯರ ಬಳಿ ಹೋಗಿ. ನೀವೇ ನಿಲ್ಲಿಸಬೇಡಿ.