ಒಂದೂ ಕ್ಷಿಪಣಿ ಬಿಡದೆ ರೆಡ್ ಫ್ಲ್ಯಾಗ್: ಡಿಸಿಎಸ್‌ನಲ್ಲಿ ನನ್ನ ಅನುಭವ

ಡಿಸಿಎಸ್ ಅನ್ನೋ ಯುದ್ಧವಿಮಾನ ಹಾರಾಟದ ಕಂಪ್ಯೂಟರ್ ಆಟದಲ್ಲಿ ಒಂದೂ ಕ್ಷಿಪಣಿ ಬಿಡದೆ, ಅಮೆರಿಕ ವಾಯುಪಡೆಯ ರೆಡ್ ಫ್ಲ್ಯಾಗ್ ಥರದ ಸಮರಾಭ್ಯಾಸ ನಡೆಸೋಣ ಅಂದಾಗ ಗುಂಪಿನಲ್ಲಿ ಯಾರೂ ಒಪ್ಪಲಿಲ್ಲ. "ವಿಮಾನ ಉರಿದು ಬೀಳದೆ ತಾನು ಸತ್ತೆ ಅಂತ ಯಾರು ಒಪ್ತಾರೆ?" ಅಂದರು. ಈಗ ಅದೇ ಜನ ಮುಂದಿನದು ಯಾವಾಗ ಅಂತ ಕೇಳುತ್ತಿದ್ದಾರೆ.

ಮೊದಲೆಲ್ಲ ಕ್ಷಿಪಣಿ ಹಾರಿಸಿಯೇ ಆಡುತ್ತಿದ್ದೆವು. ಹತ್ತು ನಿಮಿಷದಲ್ಲಿ ಅರ್ಧ ಜನ ಔಟ್. ಆಮೇಲೆ ಗಂಟೆಗಟ್ಟಲೆ ಸುಮ್ನೆ ಕೂರಬೇಕು. ವಿಯೆಟ್ನಾಂ ಯುದ್ಧದ ಪಾಠದಿಂದ 1975ರಲ್ಲಿ ಅಸಲಿ ರೆಡ್ ಫ್ಲ್ಯಾಗ್ ಶುರುವಾಗಿದ್ದೇ ಯುದ್ಧದ ಮೊದಲ ಹತ್ತು ಹಾರಾಟಗಳ ಅನುಭವ ತರಬೇತಿಯಲ್ಲೇ ಸಿಗಲಿ ಅಂತ. ಕೂತು ನೋಡಿದರೆ ಅದು ಸಿಗುತ್ತಾ?

ದುಡ್ಡಿನ ಗೋಳು ಬೇರೆ. ಅಸಲಿ ರೆಡ್ ಫ್ಲ್ಯಾಗ್ ನಡೆಯುವ ನೆಲ್ಲಿಸ್ ನೆಲೆ ಇರುವ ನೆವಾಡಾ ಮ್ಯಾಪೇ ಬೇಕು ಅಂತ ಕೆಲವರ ಹಟ. ಆಗ ಅದಕ್ಕೆ ಹತ್ತಿರ ಹತ್ತಿರ 50 ಡಾಲರ್ ಇತ್ತು. ಆಟದ ಹಾರ್ನೆಟ್ ಯುದ್ಧವಿಮಾನಕ್ಕೆ ಸುಮಾರು 80 ಡಾಲರ್ ಸುರಿದವರು ಮತ್ತೆ ಕೈ ಬಿಚ್ಚಲಿಲ್ಲ. ಪುಕ್ಕಟೆ ಬರುವ ಕಾಕಸಸ್ ಮ್ಯಾಪ್‌ಗೆ ಇಳಿದ ಮೇಲೇ ಜನ ಸೇರಿದ್ದು. ಸರ್ವರ್ ಬಾಡಿಗೆ ಮಾತ್ರ ಇವತ್ತಿಗೂ ನನ್ನ ಕೈಯಿಂದಲೇ.

ನಮ್ಮ ಪದ್ಧತಿ ಹೀಗೆ. "ಫಾಕ್ಸ್ ತ್ರೀ" (ರಾಡಾರ್ ಕ್ಷಿಪಣಿ ಬಿಟ್ಟೆ ಅಂತ ಅರ್ಥ) ಅಂದವನು ಯಾರ ಮೇಲೆ, ಎಷ್ಟು ದೂರದಿಂದ ಅಂತ ಹೇಳಬೇಕು. ಕಂಟ್ರೋಲರ್ ಸ್ಟಾಪ್‌ವಾಚ್ ಒತ್ತುತ್ತಾನೆ. ಇಪ್ಪತ್ತು ಮೈಲಿಗೆ ಸುಮಾರು 40 ಸೆಕೆಂಡ್. ಅಷ್ಟರಲ್ಲಿ ಎದುರಾಳಿ ಅಡ್ಡ ತಿರುಗಿ ಲಾಕ್ ಮುರಿದರೆ ಬದುಕಿದ. ಇಲ್ಲದಿದ್ದರೆ ರೆಕ್ಕೆ ಅಲ್ಲಾಡಿಸಿ ಜಾಗ ಖಾಲಿ ಮಾಡಬೇಕು. ರೆಡ್‌ನವನು, ಅಂದರೆ ಶತ್ರು ಪಾತ್ರದ ತಂಡದವನು, ರೀಜೆನ್ ಜಾಗ ಮುಟ್ಟಿ ಹೊಸ ವಿಮಾನವಾಗಿ ವಾಪಸ್ ಬರುತ್ತಾನೆ. ತಕರಾರು ಇದ್ದರೆ ಹಾರಾಟದ ನಂತರದ ಡೀಬ್ರೀಫ್‌ನಲ್ಲಿ, ಹಾರಾಟದ ದಾಖಲೆ ಮತ್ತೆ ತೋರಿಸುವ ಟ್ಯಾಕ್‌ವ್ಯೂ ಓಡಿಸಿ ತೋರಿಸುತ್ತೇವೆ. ಎತ್ತರ, ದೂರಕ್ಕೆ ತಕ್ಕ ಸೆಕೆಂಡ್‌ಗಳ ಪೂರ್ತಿ ಪಟ್ಟಿ ಕೊಡಲ್ಲ. ಅದು ತಿಂಗಳುಗಟ್ಟಲೆ ಕೂತು ಮಾಡಿದ್ದು.

ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಅಳತೆ. ಮಿಗ್-29ರಲ್ಲಿ ಮೀಟರ್, ಕಿಲೋಮೀಟರ್. ಹಾರ್ನೆಟ್‌ನಲ್ಲಿ ಅಡಿ, ನಾಟಿಕಲ್ ಮೈಲಿ. ನಾಲ್ಕೈದು ದೇಶದವರು ಒಂದೇ ರೇಡಿಯೋದಲ್ಲಿ. ಬುಲ್ಸ್‌ಐನಿಂದ (ಎಲ್ಲರೂ ದೂರ ಅಳೆಯುವ ಒಂದೇ ಗುರುತಿನ ಜಾಗ) "ಮೂವತ್ತು" ಅಂದರೆ ಒಬ್ಬ 30 ಕಿಲೋಮೀಟರ್ ಅಂದುಕೊಳ್ಳುತ್ತಾನೆ, ಹೇಳಿದವನ ಲೆಕ್ಕದಲ್ಲಿ ಅದು ಸುಮಾರು 55. ರೇಡಿಯೋದಲ್ಲಿ ಅಡಿ, ಮೈಲಿ ಬಿಟ್ಟು ಬೇರೇನೂ ಆಡಕೂಡದು ಅಂತ ಕಟ್ಟುಪಾಡು ಮಾಡಿದೆ. ಮಿಗ್‌ನವರ ನೀಬೋರ್ಡ್‌ಗೆ (ಪೈಲಟ್ ತೊಡೆ ಮೇಲಿನ ಚೀಟಿ ಹಲಗೆ) ಒಂದು ಲೆಕ್ಕದ ಚೀಟಿ ಹಾಕಿಕೊಟ್ಟೆ. ಗಲಾಟೆ ನಿಂತಿತು.

ಮಧ್ಯೆ ಇನ್ನೊಂದು ಪ್ರಯೋಗ. ರೆಡ್‌ಗೆ ಬರೀ ಎಫ್-5, ನೆಲದಿಂದ ದಾರಿ ಹೇಳಲು ಒಬ್ಬ. ರಾಡಾರ್ ಆಫ್. ಕಣಿವೆಯೊಳಗೆ ನುಗ್ಗಿ, ಹಾರ್ನೆಟ್‌ಗಳ ಬೆನ್ನ ಹಿಂದೆ ಎದ್ದು "ಫಾಕ್ಸ್ ಟೂ" (ಶಾಖ ಹಿಂಬಾಲಿಸುವ ಕ್ಷಿಪಣಿ ಬಿಟ್ಟೆ) ಅಂದರು. ನಾಲ್ಕರಲ್ಲಿ ಮೂರು ಹಾರ್ನೆಟ್ ಹೋದವು! ಎಫ್-5 ಅಷ್ಟು ಚಿಕ್ಕದು, ಹತ್ತಿರ ಬರುವ ತನಕ ಕಣ್ಣಿಗೇ ಬೀಳಲ್ಲ. ಈಗ ಹಾರ್ನೆಟ್ ಹಾರಿಸುವ ಬ್ಲೂ ತಂಡದವರು ಅವಾಕ್ಸ್ (ದೊಡ್ಡ ರಾಡಾರ್ ಹೊತ್ತ ಕಾವಲು ವಿಮಾನ) ಬೇಕೇ ಬೇಕು ಅಂತ ಪಟ್ಟು ಹಿಡಿದಿದ್ದಾರೆ. ಕೊಡುತ್ತೇನೆ. ರೆಡ್‌ಗೂ ಇನ್ನೆರಡು ಎಫ್-5 ಸೇರಿಸುತ್ತೇನೆ.