ಒಳಅಂಚು ಬೆಂಡಾದ ಅಲಾಯ್ ವೀಲ್: ಒಂದನ್ನು ನೆಟ್ಟಗೆ ಮಾಡಿದೆ, ಇನ್ನೊಂದನ್ನು ಬದಲಿಸಿದೆ

ಮಳೆಗಾಲದಲ್ಲಿ ತಲಪಾಡಿಯಿಂದ ಚೆರ್ಕಳದ ಕಡೆಗೆ ಹೆದ್ದಾರಿ 66ರ ಸರ್ವಿಸ್ ರೋಡಿನಲ್ಲಿ ಬಂದರೆ ಹೊಂಡದ ಬಾಯಿ ಕಾಣುವುದಿಲ್ಲ, ಕೆಂಪು ನೀರಷ್ಟೇ ಕಾಣುತ್ತದೆ. ನೀರಿನಡಿ ಡಾಮರಿನ ಅಂಚು ಕತ್ತರಿಸಿದ ಹಾಗೆ ಚೂಪಾಗಿ ನಿಂತಿರುತ್ತದೆ. ಅಂಥ ಒಂದು ಹೊಂಡಕ್ಕೆ ಎಡಬದಿಯ ಎರಡೂ ಚಕ್ರಗಳು ಒಂದರ ಹಿಂದೊಂದು ಬಿದ್ದ ಸ್ವಿಫ್ಟ್ ಕಾರಿನ ಕೆಲಸವನ್ನು ಇಲ್ಲಿ ಬರೆಯುತ್ತಿದ್ದೇನೆ. ಹಿಂದಿನ ವೀಲ್ ನೆಟ್ಟಗಾಯಿತು. ಮುಂದಿನದನ್ನು ಬದಲಿಸಬೇಕಾಯಿತು. ಹೊರಗಿನಿಂದ ನೋಡಿದರೆ ಎರಡರ ಏಟೂ ಒಂದೇ ಥರ ಇತ್ತು.

ಆ ಕಾರಿಗೆ ಕಂಪೆನಿಯ ಟೈರಿನ ಅಳತೆ 185/65 ಆರ್ 15 (185 ಮಿ.ಮೀ. ಅಗಲ, ಅದರ 65 ಶೇಕಡಾ ಪಕ್ಕೆಯ ಎತ್ತರ, 15 ಇಂಚಿನ ರಿಮ್). ಅದನ್ನು ಬದಲಿಸಿ 195/55 ಆರ್ 16 ಹಾಕಿದ್ದರು. ಟೈರಿನ ಹೊರವ್ಯಾಸದಲ್ಲಿ ಒಂದು ಮಿಲಿಮೀಟರ್ ಕೂಡ ವ್ಯತ್ಯಾಸವಿಲ್ಲ, ಹಾಗಾಗಿ ಸ್ಪೀಡೋಮೀಟರಿಗೆ ತೊಂದರೆಯಿಲ್ಲ. ಆದರೆ ಟೈರಿನ ಪಕ್ಕೆಯ ಎತ್ತರ 120 ಮಿ.ಮೀ.ನಿಂದ 107ಕ್ಕೆ ಇಳಿಯುತ್ತದೆ. ರಿಮ್ಮಿಗೂ ಹೊಂಡದ ಅಂಚಿಗೂ ನಡುವೆ ಇರುವ ಕುಶನ್ ಅಷ್ಟು ಕಡಿಮೆ. ಗಾಳಿ 32 ಪಿಎಸ್‌ಐ ಬೇಕಾದಲ್ಲಿ 26 ಇದ್ದರೆ ಉಳಿದ ಕುಶನ್ನೂ ಹೋಯಿತು. ನಮ್ಮ ರಸ್ತೆಗಳಿಗೆ ರಿಮ್ಮಿನ ಇಂಚು ಹೆಚ್ಚಿಸುವುದು ಬೇಡ ಎಂದು ನಾನು ಹೇಳುವುದು ಈ 13 ಮಿಲಿಮೀಟರಿನ ಲೆಕ್ಕದ ಮೇಲೆ.

ಏಟು ಬಿದ್ದ ಕಾರು ಬಂದರೆ ಚಕ್ರ ಬಿಚ್ಚಿ ಮೊದಲು ಒಳಮೈ ನೋಡಬೇಕು. ಸ್ಪೋಕುಗಳು ರಿಮ್ಮನ್ನು ಹಿಡಿದಿರುವುದು ಹೊರಬದಿಯಲ್ಲಿ. ಒಳಗಿನ ಪೀಪಾಯಿಯಂಥ ಭಾಗ ಆಧಾರವಿಲ್ಲದೆ ಒಳಕ್ಕೆ ಚಾಚಿಕೊಂಡಿರುತ್ತದೆ, ಹಾಗಾಗಿ ಮೊದಲು ಮಡಚುವುದು ಅದರ ಅಂಚು. ಹೊರಗೆ ಗೀರು ಕೂಡ ಇಲ್ಲದೆ ಒಳಅಂಚು ಚಪ್ಪಟೆಯಾಗಿರುವ ವೀಲುಗಳು ಧಾರಾಳ. 70–90 ಕಿ.ಮೀ. ವೇಗದಲ್ಲಿ ಸ್ಟಿಯರಿಂಗ್ ನಡುಗಿದರೆ ಮುಂದಿನ ವೀಲ್, ಸೀಟು ನಡುಗಿದರೆ ಹಿಂದಿನದು ಎಂದು ಸಾಮಾನ್ಯವಾಗಿ ಹಿಡಿಯಬಹುದು. ಪಂಕ್ಚರ್ ಸಿಗದೆ ವಾರಕ್ಕೆ ಮೂರು ನಾಲ್ಕು ಪಿಎಸ್‌ಐ ಇಳಿಯುತ್ತಿದ್ದರೂ ರಿಮ್ಮಿನ ಒಳಅಂಚನ್ನೇ ಸಂಶಯಿಸಿ.

ಕಡಲಿನ ಗಾಳಿಗೆ ಕುಂಬಳೆ, ಉಪ್ಪಳದ ಕಡೆಯ ಕಾರುಗಳಲ್ಲಿ ವೀಲ್ ತಾನು ಕೂರುವ ಹಬ್ಬಿಗೆ (ಚಕ್ರವನ್ನು ಬಿಗಿಯುವ ನಡುಭಾಗ) ಕಚ್ಚಿಕೊಂಡು ಬಿಡುತ್ತದೆ. ಕಬ್ಬಿಣದ ಹಬ್, ಅಲ್ಯೂಮಿನಿಯಂ ರಿಮ್, ನಡುವೆ ಉಪ್ಪುನೀರು: ಸವೆತದ ಬಿಳಿ ಪುಡಿ ಸಂದಿಯಲ್ಲಿ ತುಂಬಿಕೊಳ್ಳುತ್ತದೆ. ಆಗ ಸುತ್ತಿಗೆಯಿಂದ ರಿಮ್ಮಿಗೆ ಹೊಡೆಯಬೇಡಿ. ನಟ್ಟುಗಳನ್ನು ಎರಡು ಸುತ್ತು ಮಾತ್ರ ಸಡಿಲಿಸಿ, ಹಬ್ಬಿನ ಸುತ್ತ ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಮಾಡಿ ಕಾಲು ಗಂಟೆ ಬಿಟ್ಟು, ಟೈರಿನ ಒಳಪಕ್ಕೆಗೆ ರಬ್ಬರ್ ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿದರೆ ಬಿಡುತ್ತದೆ. ಎಣ್ಣೆ ಬ್ರೇಕ್ ಡಿಸ್ಕಿಗೆ ತಾಗಬಾರದು, ತಾಗಿದರೆ ಬ್ರೇಕ್ ಕ್ಲೀನರಿನಿಂದ ಒರೆಸಲೇಬೇಕು.

ಟೈರು ತೆಗೆದ ಮೇಲೆ ಅದರ ಒಳಗೆ ಕೈಯಾಡಿಸಿ. ಪಕ್ಕೆಯಲ್ಲಿ ಉಬ್ಬು ಕಂಡರೆ ಒಳಗಿನ ದಾರಗಳು ಕಡಿದಿವೆ, ಆ ಟೈರಿಗೆ ಪ್ಯಾಚ್ ಹಾಕಿ ಪ್ರಯೋಜನವಿಲ್ಲ. ಈ ಕಾರಿನ ಮುಂದಿನ ಟೈರು ಹಾಗೆ ಹೋಯಿತು, ಹಿಂದಿನದು ಉಳಿಯಿತು.

ರಿಮ್ಮನ್ನು ಸೋಪಿನ ನೀರಲ್ಲಿ ತೊಳೆದರೆ ಸಾಕು, ಆಸಿಡ್ ಬೇಡ. ಅಳೆಯಲು ಅದನ್ನು ಬ್ಯಾಲೆನ್ಸಿಂಗ್ ಮೆಶಿನಿನ ಶಾಫ್ಟಿಗೆ ಕೋನ್ ಹಾಕಿ ಬಿಗಿದು, ಡಯಲ್ ಗೇಜ್ (ಕೂದಲಷ್ಟು ಏರುತಗ್ಗನ್ನೂ ಮುಳ್ಳಿನಲ್ಲಿ ತೋರಿಸುವ ಮಾಪಕ) ಇಟ್ಟು ಕೈಯಲ್ಲಿ ನಿಧಾನ ತಿರುಗಿಸುತ್ತೇನೆ. ಗೇಜಿನ ಮೊನೆ ಇರಬೇಕಾದದ್ದು ಟೈರಿನ ಬೀಡ್ (ರಿಮ್ಮಿಗೆ ಒತ್ತಿ ಹಿಡಿಯುವ ಟೈರಿನ ದಪ್ಪ ಅಂಚು) ಕೂರುವ ಜಾಗದಲ್ಲಿ, ರಿಮ್ಮಿನ ಅಂಚಿನ ತುದಿಯಲ್ಲಲ್ಲ. ತುದಿಯಲ್ಲಿ ಪೇಂಟು, ಗೀರು, ಎರಕದ ಏರುತಗ್ಗು ಎಲ್ಲ ಸೇರಿ ಸುಳ್ಳು ಸಂಖ್ಯೆ ಬರುತ್ತದೆ. ತಿರುಗುವಾಗ ರಿಮ್ ಎಷ್ಟು ಮೇಲೆ-ಕೆಳಗೆ ಓಡುತ್ತದೆ, ಎಷ್ಟು ಅಡ್ಡಕ್ಕೆ ಓಡುತ್ತದೆ ಎಂಬ ಎರಡನ್ನೂ ಬರೆದುಕೊಂಡು, ತಗ್ಗು ಎಲ್ಲಿ ಶುರುವಾಗುತ್ತದೆ, ಎಲ್ಲಿ ಅತಿ ಆಳ, ಎಲ್ಲಿ ಮುಗಿಯುತ್ತದೆ ಎಂದು ಚಾಕಿನಲ್ಲಿ ಗುರುತು ಹಾಕಬೇಕು. ಹಿಂದಿನ ವೀಲ್ 2.6 ಮಿ.ಮೀ. ತೋರಿಸಿತು, ಮುಂದಿನದು 4ರ ಹತ್ತಿರ. ಒಂದು ಮಿಲಿಮೀಟರ್ ದಾಟಿದರೆ ಬ್ಯಾಲೆನ್ಸ್ ಎಷ್ಟೇ ಸರಿ ಮಾಡಿದರೂ ನಡುಕ ಉಳಿಯುತ್ತದೆ. ಅರ್ಧ ಮಿಲಿಮೀಟರಿಗಿಂತ ಕೆಳಗೆ ತರುವುದು ನನ್ನ ಗುರಿ.

ಬೆಂಡ್ ಎಷ್ಟೆಂಬುದಕ್ಕಿಂತ ಮುಖ್ಯವಾದದ್ದು ಬಿರುಕು ಇದೆಯೇ ಎಂಬುದು. ಕಣ್ಣಿಗೆ ಕಾಣುವ ಬಿರುಕಿನ ಬಗ್ಗೆ ಭಯವಿಲ್ಲ, ಅದನ್ನು ಯಾರೂ ಮರೆಯುವುದಿಲ್ಲ. ಪೇಂಟಿನಡಿ ಕೂದಲೆಳೆಯಷ್ಟು ಇರುವುದು ಅಪಾಯ. ಬೆಂಡಾದ ಜಾಗದ ಸುತ್ತ ಅಂಗೈ ಅಗಲ ಪೇಂಟ್ ರಿಮೂವರ್ ಹಚ್ಚಿ ಪೇಂಟು ತೆಗೆಯುತ್ತೇನೆ. ಸ್ಯಾಂಡ್ ಬ್ಲಾಸ್ಟಿಂಗ್ ಮಾಡಬಾರದು: ಮರಳಿನ ಏಟಿಗೆ ಮೆದು ಲೋಹ ಹರಡಿ ಬಿರುಕಿನ ಬಾಯಿ ಮುಚ್ಚಿಹೋಗುತ್ತದೆ, ಆಮೇಲೆ ಯಾವ ಪರೀಕ್ಷೆಗೂ ಅದು ಸಿಗುವುದಿಲ್ಲ. ಡೈ ಪೆನಿಟ್ರಂಟ್ ಎಂಬ ಮೂರು ಸ್ಪ್ರೇ ಡಬ್ಬಿಗಳ ಸೆಟ್ ಸಿಗುತ್ತದೆ. ಕ್ಲೀನರಿನಿಂದ ಒರೆಸಿ ಒಣಗಿಸಿ, ಕೆಂಪು ಬಣ್ಣ ಸ್ಪ್ರೇ ಮಾಡಿ 10–15 ನಿಮಿಷ ಬಿಡಬೇಕು. ನಂತರ ಕ್ಲೀನರನ್ನು ಬಟ್ಟೆಗೆ ಹಾಕಿಕೊಂಡು ಒರೆಸಬೇಕು. ನೇರ ರಿಮ್ಮಿಗೇ ಸ್ಪ್ರೇ ಮಾಡಿದರೆ ಬಿರುಕಿನೊಳಗೆ ಇಳಿದ ಬಣ್ಣವೂ ತೊಳೆದುಹೋಗುತ್ತದೆ. ಕೊನೆಗೆ ಬಿಳಿ ಡೆವಲಪರನ್ನು ತೆಳುವಾಗಿ ಹೊಡೆದು ಹತ್ತು ನಿಮಿಷ ಕಾದರೆ, ಬಿರುಕಿದ್ದಲ್ಲಿ ಕೆಂಪು ಗೆರೆ ಮೂಡುತ್ತದೆ. ಮಳೆಗಾಲದ ತೇವದಲ್ಲಿ ಒಣಗಿಸುವ ಹಂತಕ್ಕೆ ಅವಸರ ಮಾಡಬೇಡಿ. ಬಿರುಕಿನೊಳಗೆ ನೀರಿದ್ದರೆ ಬಣ್ಣ ಒಳಗೆ ಹೋಗುವುದೇ ಇಲ್ಲ, ಹಾಳಾದ ರಿಮ್ ಪಾಸಾಗಿಬಿಡುತ್ತದೆ.

ಮುಂದಿನ ವೀಲಿನಲ್ಲಿ ಗೆರೆ ಮೂಡಿತು. ಒಳಅಂಚಿನಿಂದ ಹೊರಟು ಬೀಡ್ ಕೂರುವ ಜಾಗ ದಾಟಿ ಸುಮಾರು 40 ಮಿ.ಮೀ. ಒಳಕ್ಕೆ ಹೋಗಿತ್ತು. ಅದನ್ನು ಅಲ್ಲಿಗೇ ಬದಿಗಿಟ್ಟೆ.

ಹಿಂದಿನದು ಸ್ವಚ್ಛ ಇತ್ತು. ಇನ್ನು ಬಿಸಿ ಮಾಡುವ ಕೆಲಸ. ವೀಲುಗಳು ಕೆಡುವುದು ಹೊಂಡಕ್ಕಿಂತ ಹೆಚ್ಚಾಗಿ ಈ ಹಂತದಲ್ಲೇ. ಕಾರಿನ ಅಲಾಯ್ ವೀಲುಗಳಲ್ಲಿ ಹೆಚ್ಚಿನವು ಎ356 ಎಂಬ ಮಿಶ್ರಲೋಹದ ಎರಕ: ಅಲ್ಯೂಮಿನಿಯಮ್ಮಿಗೆ ಸುಮಾರು 7 ಶೇಕಡಾ ಸಿಲಿಕಾನ್, ಸ್ವಲ್ಪ ಮೆಗ್ನೀಸಿಯಂ. ಎರಕದ ನಂತರ ಅದನ್ನು 540 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿ, ನೀರಿನಲ್ಲಿ ತಟ್ಟನೆ ತಣಿಸಿ, ಮತ್ತೆ 155–170 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟು ಗಟ್ಟಿ ಮಾಡಿರುತ್ತಾರೆ. ಇದನ್ನು ಟಿ6 ಎನ್ನುತ್ತಾರೆ, ವೀಲಿನ ಬಲವೆಲ್ಲ ಇದರಲ್ಲೇ ಇದೆ. 200 ಡಿಗ್ರಿ ದಾಟಿಸಿ ಹೊತ್ತು ಹಿಡಿದರೆ ಆ ಗಟ್ಟಿತನ ಇಳಿಯತೊಡಗುತ್ತದೆ. ಗ್ಯಾಸ್ ಟಾರ್ಚಿನಿಂದ 350–400 ಡಿಗ್ರಿಗೆ ಕಾಯಿಸಿದರೆ ರಿಮ್ ಬೆಣ್ಣೆಯ ಹಾಗೆ ಬಾಗುತ್ತದೆ, ಚೆಂದಕ್ಕೆ ಗುಂಡಗೂ ಆಗುತ್ತದೆ. ಆದರೆ ಆ ಭಾಗ ಮೆತ್ತಗಾಗಿರುತ್ತದೆ. ಮುಂದಿನ ಸಣ್ಣ ಹೊಂಡಕ್ಕೆ ಅದೇ ಜಾಗದಲ್ಲಿ ಮತ್ತೆ ಕೂರುತ್ತದೆ.

ಕಬ್ಬಿಣದ ಕೆಲಸ ಮಾಡಿದ ಕಣ್ಣಿಗೆ ಇಲ್ಲಿ ಮೋಸವಾಗುತ್ತದೆ. ಕಬ್ಬಿಣ ಕಾದರೆ ಕೆಂಪಾಗಿ ಹೇಳುತ್ತದೆ. ಅಲ್ಯೂಮಿನಿಯಂ ಹಗಲಲ್ಲಿ ಬಣ್ಣ ಬದಲಿಸದೆಯೇ ಕರಗುವ ಹಂತಕ್ಕೆ ಹೋಗಿಬಿಡುತ್ತದೆ. ರಿಮ್ಮಿಗೆ ಸಾಬೂನು ಉಜ್ಜಿ, ಅದು ಕಪ್ಪಾಗುವವರೆಗೆ ಕಾಯಿಸುವ ರೂಢಿಯೂ ಇದೆ. ತಗಡಿನ ಕೆಲಸಕ್ಕೆ ಅದು ಸರಿಯಾದ ಉಪಾಯ, ಏಕೆಂದರೆ ಅಲ್ಲಿ ಮೆತ್ತಗೆ ಮಾಡುವುದೇ ಉದ್ದೇಶ. ವೀಲಿಗೆ ಅದೇ ಉಪಾಯ ಕೇಡು.

ನಾನು ಬಳಸುವುದು ಬಿಸಿಗಾಳಿಯ ಗನ್ ಮತ್ತು ಟೆಂಪರೇಚರ್ ಕ್ರೆಯಾನ್ (ಗೊತ್ತಾದ ಶಾಖಕ್ಕೆ ಕರಗುವ ಬಳಪ). ಇನ್‌ಫ್ರಾರೆಡ್ ಥರ್ಮಾಮೀಟರ್ ಹೊಳೆಯುವ ಅಲ್ಯೂಮಿನಿಯಮ್ಮಿನ ಮೇಲೆ ನಿಜಕ್ಕಿಂತ ತುಂಬ ಕಡಿಮೆ ತೋರಿಸುತ್ತದೆ. ಅದನ್ನೇ ನಂಬಬೇಕಾದರೆ ಒಂದು ರೂಪಾಯಿ ಅಗಲಕ್ಕೆ ಶಾಖ ತಡೆಯುವ ಮಾಸಲು ಕಪ್ಪು ಪೇಂಟು ಹಚ್ಚಿ ಅಲ್ಲಿಗೆ ಗುರಿಯಿಡಿ. ಬೆಂಡಿನ ಎರಡೂ ಬದಿ ಒಂದೊಂದು ಗೇಣು ಸೇರಿಸಿ 150–170 ಡಿಗ್ರಿಗೆ ತಂದು, ಹತ್ತು ನಿಮಿಷ ಅಲ್ಲೇ ನಿಲ್ಲಿಸಬೇಕು. ಮೇಲ್ಮೈ ಮಾತ್ರ ಕಾದು ಒಳಗೆ ತಣ್ಣಗಿದ್ದರೆ ಒತ್ತುವಾಗ ಚಿಟ್ಟೆಂದು ಸೀಳುತ್ತದೆ.

ಒತ್ತಲು ಹತ್ತು ಟನ್ನಿನ ಹೈಡ್ರಾಲಿಕ್ ಸಿಲಿಂಡರ್ ಇರುವ ಫ್ರೇಮ್. ರಿಮ್ಮಿಗೆ ತಾಗುವ ತುದಿಗೆ ಆ ವಕ್ರತೆಗೆ ಸರಿಯಾಗಿ ಕಡೆದ ಗಟ್ಟಿಮರದ ಇಲ್ಲವೇ ನೈಲಾನಿನ ತುಂಡು ಕಟ್ಟಬೇಕು, ಬರಿಯ ಉಕ್ಕು ತಾಗಿದರೆ ಅಲ್ಲಿಂದಲೇ ಬಿರುಕು ಹುಟ್ಟುತ್ತದೆ. ಅತಿ ಆಳದ ಜಾಗಕ್ಕೆ ಮೊದಲೇ ಕೈಹಾಕಬಾರದು. ತಗ್ಗಿನ ಎರಡು ಅಂಚುಗಳಿಂದ ಶುರುಮಾಡಿ, ಒಮ್ಮೆ ಈಚೆ ಒಮ್ಮೆ ಆಚೆ, ಸ್ವಲ್ಪ ಸ್ವಲ್ಪವೇ ನಡುವಿಗೆ ಬರಬೇಕು. ಲೋಹ ತುಸು ಹಿಂದೆ ಬರುವುದರಿಂದ ಪ್ರತಿ ಸಲ ಕೂದಲಷ್ಟು ಹೆಚ್ಚು ಒತ್ತಿ ಬಿಡಬೇಕು. ನಡುವೆ ಶಾಖ ಇಳಿದರೆ ಮತ್ತೆ ಕಾಯಿಸಿ. ಸುತ್ತಿಗೆ ಬೇಡವೇ ಬೇಡ. ಮುಗಿದ ಮೇಲೆ ನೀರು ಹೊಯ್ಯದೆ ತಾನಾಗಿ ತಣಿಯಲು ಬಿಟ್ಟು ಮತ್ತೆ ಡಯಲ್ ಗೇಜ್, ಮತ್ತೆ ಡೈ ಪೆನಿಟ್ರಂಟ್. ಎರಡನೆಯ ಸಲದ ಪರೀಕ್ಷೆಯನ್ನು ಬಿಡುವವರೇ ಹೆಚ್ಚು, ಆದರೆ ಬಿರುಕು ಹುಟ್ಟುವ ಸಂಭವ ನೆಟ್ಟಗೆ ಮಾಡುವಾಗಲೂ ಅಷ್ಟೇ ಇರುತ್ತದೆ. ಈ ವೀಲ್ 0.4ಕ್ಕೆ ಬಂತು, ಗೆರೆ ಬರಲಿಲ್ಲ. ಪೇಂಟು ತೆಗೆದ ಜಾಗಕ್ಕೆ ಎಪಾಕ್ಸಿ ಪ್ರೈಮರ್, ಎರಡು ಕೋಟ್ ಬಣ್ಣ, ಮೇಲೆ ಕ್ಲಿಯರ್ ಕೋಟ್. ಬರಿಯ ಲೋಹ ಬಿಟ್ಟರೆ ಒಂದೇ ಮಳೆಗಾಲಕ್ಕೆ ಬೀಡ್ ಜಾಗ ಸವೆದು ಗಾಳಿ ಸೋರುತ್ತದೆ.

ಬಿರುಕು ಬಿಟ್ಟದ್ದಕ್ಕೆ ಆರ್ಗಾನ್ ವೆಲ್ಡಿಂಗ್ ಮಾಡಬಾರದೇ ಎಂದು ಪ್ರತಿಯೊಬ್ಬರೂ ಕೇಳುತ್ತಾರೆ. ಮಾಡಲು ಬರುತ್ತದೆ. ಬಿರುಕಿನ ಕೊನೆಗೆ 3 ಮಿ.ಮೀ. ತೂತು ಕೊರೆದು ಅದು ಮುಂದುವರಿಯದಂತೆ ತಡೆದು, ಉದ್ದಕ್ಕೂ ಇಂಗ್ಲಿಷಿನ ವಿ ಆಕಾರಕ್ಕೆ ಕೊರೆದು, 4043 ಫಿಲ್ಲರ್ ರಾಡಿನಿಂದ ಎಸಿ ಟಿಗ್ ಮೆಶಿನಿನಲ್ಲಿ ತುಂಬುತ್ತಾರೆ. ಕೈ ಪಳಗಿದವರ ಬೆಸುಗೆ ನೋಡಲು ಅಚ್ಚುಕಟ್ಟಾಗಿಯೇ ಇರುತ್ತದೆ. ಆದರೆ ಅಲ್ಲಿ ಲೋಹ ಕರಗಿದೆ ಎಂದರೆ ಅದರ ಆಚೀಚೆ ಟಿ6 ಗಟ್ಟಿತನ ಉಳಿದಿಲ್ಲ ಎಂದೇ ಅರ್ಥ, ಮತ್ತು ಆ ಗಟ್ಟಿತನ ಮರಳಿ ತರಲು ಇಡೀ ವೀಲನ್ನು 540 ಡಿಗ್ರಿಗೆ ಏರಿಸಿ ತಣಿಸುವ ಕುಲುಮೆ ಬೇಕು. ಜೊತೆಗೆ ಎರಕದ ರಂಧ್ರಗಳಲ್ಲಿ ಕೂತ ಬ್ರೇಕ್ ಪುಡಿ, ಎಣ್ಣೆ ಕರಗಿದ ಲೋಹದೊಳಗೆ ಗುಳ್ಳೆ ಎಬ್ಬಿಸುತ್ತದೆ. ಸ್ಪೋಕ್, ಹಬ್, ನಟ್ಟಿನ ತೂತಿನ ಸುತ್ತ ಬಿರುಕಿದ್ದರೆ ವೆಲ್ಡಿಂಗಿನ ಮಾತೇ ಎತ್ತಬಾರದು. ಒಳಅಂಚಿನ ಬಿರುಕನ್ನು ಕೂಡ ಮನೆಮಂದಿ ಕೂರುವ ಕಾರಿಗೆ ನಾನು ವೆಲ್ಡ್ ಮಾಡಿ ಹಾಕುವುದಿಲ್ಲ.

ಬದಲಿ ವೀಲಿಗೆ ಹಳೆಯದರ ಹಿಂಬದಿಯ ಅಕ್ಷರಗಳನ್ನು ಫೋಟೋ ತೆಗೆದುಕೊಳ್ಳಿ. ಇದರಲ್ಲಿದ್ದದ್ದು 16×6.5 ಜೆ (ಇಂಚಿನಲ್ಲಿ ವ್ಯಾಸ ಮತ್ತು ಅಗಲ), ಇಟಿ 40 (ಹಬ್ಬಿಗೆ ತಾಗುವ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ಮಿ.ಮೀ. ಹೊರಕ್ಕಿದೆ ಎಂಬುದು), ಪಿಸಿಡಿ 4×100 (ನಾಲ್ಕು ನಟ್ಟಿನ ತೂತುಗಳು 100 ಮಿ.ಮೀ. ವ್ಯಾಸದ ವೃತ್ತದಲ್ಲಿ), ನಡುವಿನ ತೂತು 73.1 ಮಿ.ಮೀ. ನಾಲ್ಕೂ ಹೊಂದಬೇಕು. ಇಟಿ 30 ಇರುವುದನ್ನು ಹಾಕಿದರೆ ಆ ಚಕ್ರ 10 ಮಿ.ಮೀ. ಹೊರಗೆ ಬರುತ್ತದೆ, ಫೆಂಡರಿಗೆ ಉಜ್ಜುವುದಷ್ಟೇ ಅಲ್ಲ, ಬೇರಿಂಗಿನ ಮೇಲೂ ಭಾರ. ಸ್ವಿಫ್ಟಿನ ಹಬ್ 54.1 ಮಿ.ಮೀ., ಹೊರಗಿನ ಕಂಪೆನಿಗಳ ವೀಲುಗಳ ತೂತು ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದು, ಆದ್ದರಿಂದ ಆ ಸಂದಿ ತುಂಬಲು 73.1–54.1ರ ರಿಂಗ್ ಬೇಕೇ ಬೇಕು. ಹಳೆಯ ವೀಲಿನ ರಿಂಗನ್ನು ಬಿಚ್ಚಿ ಇಟ್ಟುಕೊಳ್ಳಿ, ಇಲ್ಲದಿದ್ದರೆ ವೀಲಿನೊಂದಿಗೆ ಗುಜರಿಗೆ ಹೋಗಿಬಿಡುತ್ತದೆ. ಭಾರದ ಲೆಕ್ಕವೂ ಇದೆ: 87 ಎಂದು ಬರೆದ ಟೈರು 545 ಕಿಲೋ ಹೊರುತ್ತದೆ, ವೀಲಿನ ಮೇಲೆ ಅಚ್ಚಾದ ಭಾರ ಅದಕ್ಕಿಂತ ಕಡಿಮೆಯಿದ್ದರೆ ಬೇಡ. ಜೆಡಬ್ಲ್ಯುಎಲ್ ಗುರುತು (ಅಲಾಯ್ ವೀಲುಗಳ ಜಪಾನಿನ ಗುಣಮಟ್ಟದ ಗುರುತು) ಎರಕದಲ್ಲೇ ಮೂಡಿರಬೇಕು, ಸ್ಟಿಕ್ಕರನ್ನು ನಂಬಬೇಡಿ.

ಹಳೆಯ ವೀಲುಗಳ ಅಂಗಡಿಯಿಂದ ತರುವುದಾದರೆ ಒಳಮೈಯನ್ನು ಟಾರ್ಚ್ ಹಾಕಿ ನೋಡಿ. ಹೊರಗೆ ಹಳೆ ಗೀರುಗಳಿದ್ದು ಒಳಗೆ ಮಾತ್ರ ಹೊಸ ಪೇಂಟಿದ್ದರೆ, ಅಥವಾ ಒಂದು ಕಡೆ ಕ್ಲಿಯರ್ ಕೋಟ್ ಹಳದಿಯಾಗಿ ಗುಳ್ಳೆ ಎದ್ದಿದ್ದರೆ ಗ್ಯಾಸ್ ಟಾರ್ಚಿನಿಂದ ಕಾಯಿಸಿದ್ದೆಂದು ತಿಳಿಯಿರಿ. ಸಣ್ಣ ಅರದಿಂದ ಆ ಜಾಗವನ್ನೂ ಎದುರು ಬದಿಯನ್ನೂ ಒಂದೇ ಒತ್ತಡದಲ್ಲಿ ಉಜ್ಜಿ ನೋಡಿ. ಒಂದು ಕಡೆ ಅರ ಹೆಚ್ಚು ಆಳಕ್ಕೆ ಕಚ್ಚಿದರೆ ಅಲ್ಲಿ ಲೋಹ ಮೆತ್ತಗಾಗಿದೆ.

ಹಾಕುವ ಕೆಲಸ ಗೊತ್ತಿದ್ದದ್ದೇ. ಹೊಸ ವಾಲ್ವ್ (11.3 ಮಿ.ಮೀ. ತೂತಿಗೆ ಟಿಆರ್ 413), ಬ್ಯಾಲೆನ್ಸಿಂಗ್. ಒಂದು ಚಕ್ರ 60–70 ಗ್ರಾಮಿಗಿಂತ ಹೆಚ್ಚು ತೂಕ ಕೇಳಿದರೆ ತೂಕ ಅಂಟಿಸುತ್ತಾ ಹೋಗದೆ ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಕೂರಿಸಿ ನೋಡಿ. ಹಬ್ಬಿನ ಮುಖವನ್ನು ತಂತಿ ಬ್ರಷ್ಷಿನಿಂದ ಲೋಹ ಕಾಣುವವರೆಗೆ ಉಜ್ಜಿ, ನಡುವಿನ ಉಬ್ಬಿಗೆ ಮಾತ್ರ ಆ್ಯಂಟಿ ಸೀಜ್ (ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ತೆಳುವಾಗಿ ಸವರಿ. ಸ್ಟಡ್ಡುಗಳಿಗೆ ಸವರಿದರೆ ಟಾರ್ಕ್ ರೆಂಚ್ ಸರಿ ತೋರಿಸಿದರೂ ಬಿಗಿ ಮಿತಿ ಮೀರುತ್ತದೆ. ನಟ್ಟಿನ ತಲೆ ಕೋನ್ ಆಕಾರವೋ, ಗುಂಡಗೋ, ವಾಷರ್ ಇರುವ ಚಪ್ಪಟೆಯೋ ಎಂಬುದು ವೀಲಿನ ಗುಳಿಗೆ ಹೊಂದಬೇಕು. ಎದುರುಬದುರಾಗಿ ಬಿಗಿದು, ಕಾರು ನೆಲಕ್ಕಿಳಿದ ಮೇಲೆ ಕೈಪಿಡಿಯಲ್ಲಿರುವ ಟಾರ್ಕಿಗೆ ತನ್ನಿ. ಈ ವರ್ಗದ ಕಾರುಗಳಿಗೆ ಅದು ಹೆಚ್ಚಾಗಿ 85ರಿಂದ 110 ನ್ಯೂಟನ್ ಮೀಟರ್ ನಡುವೆ ಇರುತ್ತದೆ. ಏರ್ ಗನ್ ಸಾಕೆನ್ನಬೇಡಿ. 50–100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಟಾರ್ಕ್ ನೋಡಬೇಕು.

ರಿಮ್ ಮಡಚುವಷ್ಟು ಏಟು ಬಿದ್ದಿದ್ದರೆ ಅದು ಅಲ್ಲಿಗೇ ನಿಂತಿರುವುದಿಲ್ಲ. ಲೋವರ್ ಆರ್ಮ್, ಟೈ ರಾಡ್, ಸ್ಟ್ರಟ್ ನೋಡಿ, ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ ಬೇರಿಂಗಿನ ಗೊರಗೊರ ಇದೆಯೇ ಕೇಳಿ, ಕೊನೆಗೆ ಅಲೈನ್‌ಮೆಂಟ್. ಈ ಕಾರಿನಲ್ಲಿ ಎಡ ಟೈ ರಾಡ್ ಎಂಡ್ ಸಡಿಲವಾಗಿತ್ತು, ಅದನ್ನು ಬದಲಿಸುವ ಮೊದಲು ಅಲೈನ್‌ಮೆಂಟ್ ಮಾಡಿದ್ದರೆ ವ್ಯರ್ಥವಾಗುತ್ತಿತ್ತು.

ಬಿರುಕು ಬಿಟ್ಟ ವೀಲನ್ನು ಹಾಗೇ ಗುಜರಿಗೆ ಕೊಡಬೇಡಿ. ಯಾರೋ ಬೆಸುಗೆ ಹಾಕಿ, ಪೇಂಟು ಹೊಡೆದು, ಇನ್ನೊಬ್ಬರಿಗೆ ಮಾರುತ್ತಾರೆ. ಗ್ರೈಂಡರಿನಿಂದ ಅಂಚಿನಿಂದ ಸ್ಪೋಕಿನವರೆಗೆ ಎರಡು ಕಡೆ ಸೀಳಿದ ಮೇಲೆಯೇ ಕೊಡಿ.