ಲೀಗ್ 2 ಪಂದ್ಯಕ್ಕೆ ಸ್ಕೋರ್ ಬರೆಯುವಾಗ: ಪುಸ್ತಕ, ಪಾರ್, ನೆಟ್ ರನ್ ರೇಟ್

ಏಕದಿನ ವಿಶ್ವಕಪ್‌ನ ಅರ್ಹತಾ ಟೂರ್ನಿಗೆ ದಾರಿಯಾದ ಐಸಿಸಿ ವಿಶ್ವಕಪ್ ಲೀಗ್ 2ರಲ್ಲಿ ಒಂದು ತ್ರಿಕೋನ ಸರಣಿ ಎಂದರೆ ಆರು ಏಕದಿನ ಪಂದ್ಯ: ಮೂರು ತಂಡ, ಪ್ರತಿ ಜೋಡಿ ಎರಡು ಸಲ. ಸರಣಿಗೆ ಅಂತ ಬೇರೆ ಅಂಕಪಟ್ಟಿ ಇಲ್ಲ, ಎಲ್ಲವೂ ಒಂದೇ ದೊಡ್ಡ ಪಟ್ಟಿಗೆ ಸೇರುತ್ತದೆ. 2019–23ರ ಸುತ್ತಿನಲ್ಲಿ ಸ್ಕಾಟ್ಲೆಂಡ್, ಒಮಾನ್, ನೇಪಾಳ, ನಮೀಬಿಯಾ, ಅಮೆರಿಕ, ಯುಎಇ, ಪಪುವಾ ನ್ಯೂಗಿನಿ ಎಂಬ ಏಳು ತಂಡಗಳಿಗೆ ಇಂಥ 21 ಸರಣಿ, ಒಟ್ಟು 126 ಪಂದ್ಯ. ಗೆದ್ದರೆ 2 ಅಂಕ, ಟೈ ಅಥವಾ ಫಲಿತಾಂಶ ಇಲ್ಲದಿದ್ದರೆ 1. ಇವತ್ತು ಸ್ಕೋರರ್ ಮಾಡಿದ ಒಂದು ಸಣ್ಣ ತಪ್ಪು ವರ್ಷಗಳ ಮೇಲೆ ಅರ್ಹತಾ ಟೂರ್ನಿಯ ಬಾಗಿಲಲ್ಲಿ ಬಂದು ನಿಲ್ಲಬಹುದು. ಹಾಗಾಗಿ ಈ ದರ್ಜೆಯ ಪಂದ್ಯಕ್ಕೆ ನಾನು ಪುಸ್ತಕ ಹೇಗೆ ಬರೆಯುತ್ತೇನೆ, ಲೆಕ್ಕ ಎಲ್ಲಿ ಕೈಕೊಡುತ್ತದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಟಾಸ್‌ಗೆ ಮೊದಲು ತಂಡದ ಪಟ್ಟಿ ಕೈಗೆ ಬಂದ ಕೂಡಲೇ ಮೊದಲ ಕೆಲಸ ಹೆಸರುಗಳದ್ದು. ನೇಪಾಳದಲ್ಲಿ ಆಸಿಫ್ ಶೇಖ್, ಆರಿಫ್ ಶೇಖ್ ಇಬ್ಬರೂ 'ಎ. ಶೇಖ್'. ಪಪುವಾ ನ್ಯೂಗಿನಿಯಲ್ಲಿ ಚಾರ್ಲ್ಸ್ ಅಮಿನಿ, ಕ್ರಿಸ್ ಅಮಿನಿ ಇಬ್ಬರೂ 'ಸಿ. ಅಮಿನಿ'. ಕುಶಲ್ ಭುರ್ಟೆಲ್, ಕುಶಲ್ ಮಲ್ಲ ಇದ್ದಾಗ ಬರೀ ಹೆಸರು ಕರೆದರೂ ಪ್ರಯೋಜನವಿಲ್ಲ. ಇಂಥವರಿಗೆ ಪೂರ್ತಿ ಹೆಸರು, ಪಕ್ಕದಲ್ಲಿ ಅಂಗಿಯ ಸಂಖ್ಯೆ ಬರೆದುಕೊಳ್ಳುತ್ತೇನೆ. ಕ್ಯಾಚ್ ಹಿಡಿದವನು ಯಾರು ಎಂಬುದು ಬೌಂಡರಿ ಗೆರೆಯ ಹತ್ತಿರ ಮುಖದಿಂದ ತಿಳಿಯುವುದಿಲ್ಲ, ಬೆನ್ನ ಮೇಲಿನ ಅಂಕಿಯಿಂದ ತಿಳಿಯುತ್ತದೆ. ಬದಲಿ ಫೀಲ್ಡರ್‌ಗಳ ಸಂಖ್ಯೆಯನ್ನೂ ಕೇಳಿ ಬರೆದಿಟ್ಟುಕೊಳ್ಳಬೇಕು.

ಕಂಪ್ಯೂಟರ್‌ನಲ್ಲಿ ಒಬ್ಬರು, ಕಾಗದದಲ್ಲಿ ಒಬ್ಬರು ಎಂಬುದೇ ಸರಿಯಾದ ಜೋಡಿ. ಕರೆಂಟು, ಇಂಟರ್‌ನೆಟ್ಟು ಕೈಕೊಟ್ಟಾಗ ಉಳಿಯುವುದು ಕಾಗದ. ಪೆನ್ಸಿಲ್ ಬೇಡ, ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಿರಿ, ಅಳಿಸಿದ ಜಾಗ ಆಮೇಲೆ ಯಾರಿಗೂ ಸಾಕ್ಷಿ ಹೇಳುವುದಿಲ್ಲ. ಪ್ರತಿ ಬೌಲರ್‌ಗೆ ಒಂದೊಂದು ಬಣ್ಣ ಕೊಟ್ಟರೆ ಬ್ಯಾಟರ್ ಸಾಲಿನಲ್ಲೂ ಅದೇ ಬಣ್ಣ ಬರುತ್ತದೆ, ಲೆಕ್ಕ ತಪ್ಪಿದಾಗ ಹುಡುಕಲು ಅರ್ಧ ಹೊತ್ತು ಸಾಕು. ಓವರ್ ಮುಗಿದ ತಕ್ಷಣ ಇಬ್ಬರೂ ಗಟ್ಟಿಯಾಗಿ ಹೇಳಬೇಕಾದದ್ದು ನಾಲ್ಕು: ಒಟ್ಟು ರನ್, ವಿಕೆಟ್, ಬೌಲರ್‌ನ ಲೆಕ್ಕ, ಸ್ಟ್ರೈಕ್‌ನಲ್ಲಿ ಯಾರು. ತಾಳೆಯಾಗದಿದ್ದರೆ ಅಲ್ಲೇ ಸರಿಪಡಿಸಿ. ಎರಡು ಓವರ್ ಆದ ಮೇಲೆ ಹುಡುಕಿದರೆ ಸಿಗುವುದು ತಲೆನೋವು ಮಾತ್ರ.

ಹೆಚ್ಚಾಗಿ ಎಡವುವುದು ಇತರೆ ರನ್‌ಗಳಲ್ಲಿ (ಎಕ್ಸ್‌ಟ್ರಾ). ವೈಡ್ ಚೆಂಡು ಕೀಪರ್‌ನನ್ನು ದಾಟಿ ಬೌಂಡರಿಗೆ ಹೋದರೆ ಐದು ವೈಡ್, ಐದೂ ಬೌಲರ್ ತಲೆಗೆ. ನೋ ಬಾಲ್‌ನಲ್ಲಿ ಬ್ಯಾಟಿಗೆ ತಾಗದೆ ಎರಡು ಓಡಿದರೆ ಒಂದು ನೋ ಬಾಲ್, ಎರಡು ಬೈ. ಬೌಲರ್‌ಗೆ ಬರುವುದು ಒಂದೇ. 2017ರ ನಿಯಮಾವಳಿಗೆ ಮೊದಲು ಮೂರನ್ನೂ ನೋ ಬಾಲ್ ಎಂದೇ ಬರೆಯುತ್ತಿದ್ದರು, ಹಳೆಯ ಕೈಗಳಿಗೆ ಆ ಅಭ್ಯಾಸ ಇನ್ನೂ ಬಿಟ್ಟಿಲ್ಲ. ನೋ ಬಾಲ್ ಓವರ್‌ನ ಎಣಿಕೆಗಿಲ್ಲ, ಆದರೆ ಬ್ಯಾಟರ್ ಎದುರಿಸಿದ ಎಸೆತದ ಲೆಕ್ಕಕ್ಕಿದೆ. ವೈಡ್ ಎರಡಕ್ಕೂ ಇಲ್ಲ. ಇನ್ನೊಂದು, ಕ್ಯಾಚ್ ಔಟಾದಾಗ ಬ್ಯಾಟರ್‌ಗಳು ಅಡ್ಡ ದಾಟಿದ್ದರೂ 2022ರ ಅಕ್ಟೋಬರ್ 1ರಿಂದ ಹೊಸಬನೇ ಸ್ಟ್ರೈಕ್‌ಗೆ ಬರುತ್ತಾನೆ, ಓವರ್ ಮುಗಿದಿದ್ದರೆ ಮಾತ್ರ ಇಲ್ಲ. ಇದನ್ನು ಮರೆತರೆ ಮುಂದಿನ ರನ್ನೆಲ್ಲ ಬೇರೆಯವನ ಖಾತೆಗೆ ಹೋಗುತ್ತದೆ.

ಇನಿಂಗ್ಸ್ ಮುಗಿದಾಗ ಮೂರು ಕಡೆ ತಾಳೆ ನೋಡುತ್ತೇನೆ. ಬ್ಯಾಟರ್‌ಗಳ ರನ್ನಿಗೆ ಎಲ್ಲ ಇತರೆ ಸೇರಿಸಿದರೆ ಒಟ್ಟು ಮೊತ್ತ ಬರಬೇಕು. ಬೌಲರ್‌ಗಳು ಕೊಟ್ಟ ರನ್ನಿಗೆ ಬೈ, ಲೆಗ್ ಬೈ, ದಂಡದ ರನ್ ಸೇರಿಸಿದರೂ ಅದೇ ಬರಬೇಕು. ಬ್ಯಾಟರ್‌ಗಳು ಎದುರಿಸಿದ ಎಸೆತಗಳ ಮೊತ್ತದಿಂದ ನೋ ಬಾಲ್ ಕಳೆದರೆ ಬೌಲರ್‌ಗಳ ಎಸೆತಗಳ ಮೊತ್ತ ಸಿಗಬೇಕು. ಮೂರನೆಯದನ್ನು ಹಲವರು ಬಿಟ್ಟುಬಿಡುತ್ತಾರೆ. ಅಂಪೈರ್ ಏಳು ಎಸೆತದ ಓವರ್ ಕೊಟ್ಟದ್ದು, ನಾವು ಒಂದು ಚುಕ್ಕಿ ಹಾಕದೆ ಬಿಟ್ಟದ್ದು ಸಿಕ್ಕಿಬೀಳುವುದು ಅಲ್ಲೇ.

ಮಳೆ ಬಂದಾಗ, ಬೆಳಕು ಕುಂದಿದಾಗ ಸ್ಕೋರರ್‌ನ ಕೆಲಸ ನಿಲ್ಲುವುದಿಲ್ಲ, ಶುರುವಾಗುತ್ತದೆ. ಆಟ ನಿಂತ ನಿಮಿಷ, ಆಗಿನ ರನ್, ವಿಕೆಟ್, ಎಸೆತ. ಮತ್ತೆ ಶುರುವಾದ ನಿಮಿಷ. ಗಡಿಯಾರ ಅಂಪೈರ್‌ಗಳದ್ದೇ ಆಗಿರಬೇಕು, ಬೆಳಿಗ್ಗೆಯೇ ಹೊಂದಿಸಿಕೊಳ್ಳಿ. 50 ಓವರ್‌ಗೆ ಮೂರೂವರೆ ಗಂಟೆ, ಅಂದರೆ 210 ನಿಮಿಷ, ಓವರೊಂದಕ್ಕೆ 4.2 ನಿಮಿಷ. ಹೆಚ್ಚುವರಿ ಸಮಯ ಇದ್ದರೆ ಮೊದಲು ಅದು ಖರ್ಚಾಗುತ್ತದೆ. ಆಮೇಲೆ ಎರಡನೇ ಇನಿಂಗ್ಸ್‌ನಲ್ಲಿ 42 ನಿಮಿಷ ಹೋದರೆ 10 ಓವರ್ ಕಡಿತ. 50 ಇದ್ದದ್ದು 40 ಆಯಿತು ಎಂದರೆ ಬೌಲರ್‌ಗೆ ಗರಿಷ್ಠ 8 ಓವರ್, ಪವರ್‌ಪ್ಲೇ 10–30–10 ಇದ್ದದ್ದು 8–24–8. ಇದನ್ನು ಒಂದು ಚೀಟಿಯಲ್ಲಿ ಬರೆದು ಕಣ್ಣೆದುರು ಅಂಟಿಸಿಕೊಳ್ಳುತ್ತೇನೆ. ಗಡಿಬಿಡಿಯಲ್ಲಿ ಎಲ್ಲರಿಗೂ ಗುರಿ ನೆನಪಿರುತ್ತದೆ, ಬೌಲರ್‌ನ ಮಿತಿ ನೆನಪಿರುವುದಿಲ್ಲ. ಎರಡನೇ ತಂಡಕ್ಕೆ ಕನಿಷ್ಠ 20 ಓವರ್ ಆಟ ಸಿಗದಿದ್ದರೆ, ಅಷ್ಟರೊಳಗೆ ಅದು ಗೆದ್ದಿರದಿದ್ದರೆ ಅಥವಾ ಆಲೌಟ್ ಆಗಿರದಿದ್ದರೆ, ಫಲಿತಾಂಶವಿಲ್ಲ.

ಓವರ್ ಕಡಿತವಾದಾಗ ಗುರಿಯನ್ನು ಮತ್ತೆ ನಿಗದಿ ಮಾಡುವುದು ಡಕ್ವರ್ತ್–ಲೂಯಿಸ್–ಸ್ಟರ್ನ್ (ಡಿಎಲ್‌ಎಸ್) ಪದ್ಧತಿ. ಅಂತರರಾಷ್ಟ್ರೀಯ ಪಂದ್ಯಕ್ಕೆ ಆ ಲೆಕ್ಕ ಮಾಡುವುದು ಸಾಫ್ಟ್‌ವೇರ್. ಆದರೂ ಹಳೆಯ ಸ್ಟ್ಯಾಂಡರ್ಡ್ ಕೋಷ್ಟಕವನ್ನು ಕೈಯಲ್ಲಿ ಬಿಡಿಸಲು ಬರಬೇಕು, ಇಲ್ಲದಿದ್ದರೆ ಒಳಗೆ ತಪ್ಪು ಅಂಕಿ ಹಾಕಿದ್ದು ಗೊತ್ತೇ ಆಗುವುದಿಲ್ಲ. ಮೊದಲ ತಂಡ 250 ಮಾಡಿದೆ ಅಂದುಕೊಳ್ಳಿ. ಎರಡನೇ ತಂಡ 20 ಓವರ್ ಆಡಿ 2 ವಿಕೆಟ್ ಕಳೆದುಕೊಂಡಾಗ ಮಳೆ, 10 ಓವರ್ ನಷ್ಟ. 30 ಓವರ್ ಬಾಕಿ, 2 ವಿಕೆಟ್ ಹೋಗಿದ್ದರೆ ಉಳಿದ ಸಂಪನ್ಮೂಲ (ಬಾಕಿ ಓವರ್, ವಿಕೆಟ್ ಸೇರಿ ರನ್ ಗಳಿಸುವ ಶಕ್ತಿ) ಶೇ 67.3, 20 ಓವರ್ ಬಾಕಿ ಇದ್ದರೆ ಶೇ 52.4. ಮಳೆಗೆ ಕಳೆದದ್ದು 14.9, ಇಡೀ ಇನಿಂಗ್ಸ್‌ನ ನೂರರಲ್ಲಿ ಸಿಕ್ಕಿದ್ದು 85.1. 250ರ ಶೇ 85.1 ಅಂದರೆ 212.75, ಗುರಿ 213. ಅದೇ ಹೊತ್ತಿಗೆ 5 ವಿಕೆಟ್ ಹೋಗಿದ್ದರೆ ಅಂಕಿಗಳು 44.7 ಮತ್ತು 38.6, ನಷ್ಟ 6.1 ಮಾತ್ರ, ಗುರಿ 235. ಮೂರು ವಿಕೆಟ್‌ಗೆ 22 ರನ್ ವ್ಯತ್ಯಾಸ. ಕೆಳಗಿನ ಕ್ರಮಾಂಕದವರಿಗೆ ಕೊನೆಯ ಹತ್ತು ಓವರ್ ಹೋದರೂ ದೊಡ್ಡ ನಷ್ಟವಿಲ್ಲ ಎಂಬುದೇ ಇದರ ಒಳಗಿನ ತರ್ಕ. ಸಾಫ್ಟ್‌ವೇರ್‌ನ ಗುರಿ ಇದಕ್ಕಿಂತ ಕೆಲವು ರನ್ ಆಚೀಚೆ ಇರಬಹುದು, ಅಂತಿಮ ಅದೇ. ಆದರೆ 20–30 ರನ್ ದೂರ ಇದ್ದರೆ ವಿಕೆಟ್ ಅಥವಾ ಓವರ್ ತಪ್ಪು ಒತ್ತಿದ್ದೀರಿ ಅಂತಲೇ ಅರ್ಥ.

ಆಟ ಅಲ್ಲಿಗೇ ನಿಂತರೆ ಎಷ್ಟು ರನ್‌ಗೆ ಸರಿಸಮ ಎಂಬ ಅಂಕಿಯೇ ಪಾರ್. ಆ ಪಾರ್ ಹಾಳೆಯನ್ನು ಎರಡನೇ ಇನಿಂಗ್ಸ್ ಶುರುವಾಗುವ ಮೊದಲೇ ಮುದ್ರಿಸಿ ಅಂಪೈರ್‌ಗಳಿಗೂ ಎರಡೂ ಡಗೌಟ್‌ಗೂ ಕೊಡಬೇಕು. ಅದನ್ನು ಓದುವ ಕ್ರಮ ಹೀಗೆ: ಸಾಲು ಎಸೆತದ್ದು, ಕಂಬ ಬಿದ್ದ ವಿಕೆಟ್‌ನದ್ದು. ವಿಕೆಟ್ ಬಿದ್ದ ಕೂಡಲೇ ಬಲಗಡೆಯ ಕಂಬಕ್ಕೆ ಜಾರಬೇಕು, ಪಾರ್ ಒಮ್ಮೆಗೇ ಮೇಲೇರುತ್ತದೆ. ಹಾಳೆಯಲ್ಲಿರುವುದು ಸರಿಸಮದ ಅಂಕಿ, ಗೆಲುವಿನದ್ದಲ್ಲ. ಗೆಲ್ಲಲು ಅದಕ್ಕಿಂತ ಒಂದು ಹೆಚ್ಚು ಬೇಕು. 2003ರ ವಿಶ್ವಕಪ್‌ನಲ್ಲಿ ಡರ್ಬನ್‌ನಲ್ಲಿ ದಕ್ಷಿಣ ಆಫ್ರಿಕಾ ಎಡವಿದ್ದು ಇಲ್ಲೇ: 45ನೇ ಓವರ್‌ನ ಐದನೇ ಎಸೆತಕ್ಕೆ ಮಾರ್ಕ್ ಬೌಷರ್ ಸಿಕ್ಸರ್ ಹೊಡೆದು 229 ಮುಟ್ಟಿಸಿದರು, ಸಾಕು ಎಂದುಕೊಂಡು ಕೊನೆಯ ಎಸೆತ ತಡೆದರು. 229 ಪಾರ್ ಆಗಿತ್ತು, ಪಂದ್ಯ ಟೈ ಆಯಿತು. ನಾನು 'ಸಮ' ಎಂಬ ಅಂಕಿಯ ಪಕ್ಕದಲ್ಲಿ 'ಗೆಲ್ಲಲು' ಎಂಬ ಇನ್ನೊಂದು ಅಂಕಿಯನ್ನು ಕೈಯಲ್ಲಿ ಬರೆದೇ ಹೊರಗೆ ಕಳಿಸುತ್ತೇನೆ.

ಲೀಗ್ 2ರಲ್ಲಿ ಪಾರ್ ಹಾಳೆಯ ಬೆಲೆ ತಿಳಿಯಲು 2023ರ ಮಾರ್ಚ್ 16ರಂದು ನೇಪಾಳದ ಕೀರ್ತಿಪುರದಲ್ಲಿ ನಡೆದ ಪಂದ್ಯ ನೋಡಿ. ಆಸಿಫ್ ಖಾನ್ 41 ಎಸೆತಗಳಲ್ಲಿ ಶತಕ ಹೊಡೆದು ಯುಎಇ 6 ವಿಕೆಟ್‌ಗೆ 310. ನೇಪಾಳ 44 ಓವರ್‌ಗೆ 6 ವಿಕೆಟ್ ಕಳೆದುಕೊಂಡು 269, ಇನ್ನೂ 36 ಎಸೆತಕ್ಕೆ 42 ಬೇಕು. ಬೆಳಕು ಹೋಯಿತು. ಪಾರ್ 260; ನೇಪಾಳಕ್ಕೆ 9 ರನ್ ಜಯ, ಕೊನೆಯ 12 ಪಂದ್ಯಗಳಲ್ಲಿ 11ನೇ ಗೆಲುವು, ಅದರೊಂದಿಗೆ ಮೂರನೇ ಸ್ಥಾನ, ವಿಶ್ವಕಪ್ ಅರ್ಹತಾ ಟೂರ್ನಿಗೆ ಪ್ರವೇಶ. ಫ್ಲಡ್‌ಲೈಟ್ ಇಲ್ಲದ ಮೈದಾನದಲ್ಲಿ ಎರಡನೆಯದಾಗಿ ಬ್ಯಾಟ್ ಮಾಡುವ ತಂಡ ಮೋಡ ನೋಡುವುದಕ್ಕಿಂತ ಹೆಚ್ಚು ಆ ಹಾಳೆ ನೋಡಬೇಕು.

ಕೊನೆಗೆ ನೆಟ್ ರನ್ ರೇಟ್. ಸೂತ್ರ ಸುಲಭ: ನಾವು ಓವರಿಗೆ ಹೊಡೆದದ್ದರಿಂದ ಓವರಿಗೆ ಕೊಟ್ಟದ್ದನ್ನು ಕಳೆಯುವುದು. ತಪ್ಪುವುದು ಓವರ್ ಬರೆಯುವ ರೀತಿಯಲ್ಲಿ. 2020ರ ಫೆಬ್ರುವರಿ 12ರಂದು ಕೀರ್ತಿಪುರದಲ್ಲೇ ಅಮೆರಿಕ 12 ಓವರ್‌ಗೆ 35ಕ್ಕೆ ಆಲೌಟ್. ನೇಪಾಳದ ಸಂದೀಪ್ ಲಾಮಿಛಾನೆ 16ಕ್ಕೆ 6. ನೇಪಾಳ 5.2 ಓವರ್‌ನಲ್ಲಿ 2 ವಿಕೆಟ್‌ಗೆ 36. ಇಲ್ಲಿ 5.2 ಎಂದರೆ 32 ಎಸೆತ, ಅಂದರೆ 5.333 ಓವರ್, ದರ 6.75. ಎಕ್ಸೆಲ್‌ನಲ್ಲಿ ಹಾಗೇ 5.2 ಹೊಡೆದರೆ 6.92 ಬರುತ್ತದೆ. ಆಲೌಟ್ ಆದ ತಂಡಕ್ಕೆ ಆಡಿದ 12 ಅಲ್ಲ, ಪೂರ್ತಿ 50 ಓವರ್ ಲೆಕ್ಕ, ದರ 0.70. ಆ ಪಂದ್ಯದ್ದು ನೇಪಾಳಕ್ಕೆ +6.05. 12 ಎಂದು ಹಾಕಿದರೆ +3.83ಕ್ಕೆ ಇಳಿಯುತ್ತದೆ. ಅದಕ್ಕೇ ನನ್ನ ಹಾಳೆಯಲ್ಲಿ ಓವರ್ ಎಂಬ ಕಂಬವೇ ಇಲ್ಲ, ಎಸೆತ ಮಾತ್ರ. ಭಾಗಿಸುವಾಗ ಆರರಿಂದ ಗುಣಿಸಿಕೊಳ್ಳುತ್ತೇನೆ.

ಡಿಎಲ್‌ಎಸ್ ಪಂದ್ಯಕ್ಕೆ ಇನ್ನೊಂದು ಎಚ್ಚರ. ಗುರಿ ಬದಲಾಗಿದ್ದರೆ ಮೊದಲ ತಂಡದ ಖಾತೆಗೆ ಹೋಗುವುದು ಹೊಸ ಗುರಿಗಿಂತ ಒಂದು ಕಡಿಮೆ ರನ್, ಎರಡನೇ ತಂಡಕ್ಕೆ ನಿಗದಿಯಾದ ಓವರ್‌ಗಳಿಗೆ. ಆಟ ಅರ್ಧಕ್ಕೇ ನಿಂತು ಪಾರ್‌ನಲ್ಲಿ ತೀರ್ಮಾನವಾಗಿದ್ದರೆ ಪಾರ್ ರನ್, ಎರಡನೇ ತಂಡ ಆಡಿದಷ್ಟೇ ಓವರ್‌ಗಳಿಗೆ. ಮಾರ್ಚ್ 16ರ ಪಂದ್ಯದಲ್ಲಿ ಯುಎಇ ಖಾತೆಗೆ 50 ಓವರ್‌ಗೆ 310 ಅಲ್ಲ, 44 ಓವರ್‌ಗೆ 260. ನೇಪಾಳದ 269 ಕೂಡ 44ಕ್ಕೇ, ವ್ಯತ್ಯಾಸ +0.205. 310 ಹಾಗೇ ಉಳಿಸಿದರೆ, 310ನ್ನು 50ರಿಂದ ಭಾಗಿಸಿದಾಗ 6.20, 269ನ್ನು 44ರಿಂದ ಭಾಗಿಸಿದಾಗ 6.11: ನೋಡಿ, ಗೆದ್ದ ನೇಪಾಳಕ್ಕೇ ಮೈನಸ್ 0.09! ಗೆದ್ದವರಿಗೆ ಮೈನಸ್ ಬಂದರೆ ಕೂಡಲೇ ಹಿಂದಕ್ಕೆ ಹೋಗಿ ಈ ಸಾಲನ್ನೇ ನೋಡುತ್ತೇನೆ. ಅದು ಸರಿಹೋದ ಮೇಲೆಯೇ ಹಾಳೆ ಅಂಪೈರ್ ಮತ್ತು ಮ್ಯಾಚ್ ರೆಫ್ರಿ ಸಹಿಗೆ ಹೋಗುವುದು.